ಮಾಚಕ್ಕನ ಪಾಲಿನ ಹೊಗೆ

ನಮ್ಮ ಊರಿನಲ್ಲಿ ಒಲೆ ಹಚ್ಚಿದವರು ಕಡ್ಡಿ ಆರಿಸುವ ಮೊದಲು "ನನ್ನದು" ಅನ್ನುತ್ತಾರೆ. ಅನ್ನದಿದ್ದರೆ ಹೊಗೆ ಹೋಗುವುದಿಲ್ಲ. ಸಂಜೆಯಾದರೂ, ಮಾರನೆಯ ದಿನವಾದರೂ ಅಡುಗೆಮನೆಯ ಸೂರಿನಲ್ಲೇ ಕೂತಿರುತ್ತದೆ. ಒಂದು ಸಲ ಅಂದರೆ ಸಾಕು, ಅಂದವರ ಮೈಮೇಲೆ ಇಳಿದು, ಕೂದಲಿಗೆ ಬಟ್ಟೆಗೆ ಅಷ್ಟು ವಾಸನೆ ಕೊಟ್ಟು ಕರಗಿಹೋಗುತ್ತದೆ. ಬೀಡಿ ಸೇದುವವರು ಅದನ್ನು ತುಟಿಯಂಚಿನಲ್ಲೇ ಹೇಳಿ ಮುಗಿಸುತ್ತಾರೆ. ಕದ್ದು ಸಿಗರೇಟು ಸೇದುವ ಕಾಲೇಜು ಹುಡುಗರು ಹೇಳಲು ಹೆದರಿ, ತಲೆಯ ಮೇಲೆ ಸಣ್ಣದೊಂದು ಮೋಡ ಹೊತ್ತುಕೊಂಡು ಮನೆಗೆ ಬಂದು ಸಿಕ್ಕಿಬೀಳುತ್ತಾರೆ. ಪರ ಊರಿನಿಂದ ಬಂದ ಸೊಸೆಯರಿಗೆ ಅತ್ತೆಯಂದಿರು ಮೊದಲು ಕಲಿಸುವುದು ಇದನ್ನೇ, ಉಪ್ಪಿನ ಡಬ್ಬ ಎಲ್ಲಿದೆ ಎಂಬುದು ಆಮೇಲೆ.

ಸಣ್ಣ ಹೊಗೆಯ ಮಟ್ಟಿಗೆ ಇದೆಲ್ಲ ಸರಿ. ದೊಡ್ಡ ಹೊಗೆ ಒಪ್ಪಿಕೊಂಡವರ ಮೈಯಿಂದ ಸುಟ್ಟ ವಾಸನೆ ಸಾಯುವವರೆಗೂ ಹೋಗುವುದಿಲ್ಲ. ಅಂಥವರ ಪಕ್ಕ ಬಸ್ಸಿನಲ್ಲಿ ಯಾರೂ ಕೂರುತ್ತಿರಲಿಲ್ಲ, ಅವರಿಗೆ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಹತ್ತಿ ಗಿರಣಿ ಹೊತ್ತಿ ಉರಿದು ಒಂಬತ್ತು ದಿನ ಊರಿಗೆ ಬಿಸಿಲಿರಲಿಲ್ಲ. ಹತ್ತನೆಯ ದಿನ ಗಿರಣಿಯ ಹಮಾಲಿಯೊಬ್ಬ ಚೌಕದಲ್ಲಿ ನಿಂತು "ನನ್ನದು" ಅಂದ. ಹೊಗೆ ಅವನ ಮೇಲೆ ಇಳಿಯಿತು. ಅದೇ ಸಂಜೆ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ಬೆಂಕಿ ನಿಜವಾಗಿ ಅವನದೇ ಹೌದೇ ಅಂತ ಒಬ್ಬರೂ ಕೇಳಲಿಲ್ಲ. ಯಾರು ಒಪ್ಪಿಕೊಂಡರೂ ಹೊಗೆ ಹೋಗುತ್ತಿತ್ತು, ಅದಕ್ಕೇ ಊರು ಕೈಗೆ ಸಿಕ್ಕವರನ್ನು ಒಪ್ಪಿಸುತ್ತಿತ್ತು. ಪುರಸಭೆಯಲ್ಲಿ ಇದಕ್ಕೆಂದೇ ಒಪ್ಪುಗಾರ ಅಂತ ಒಂದು ಹುದ್ದೆಯೂ ಇತ್ತು. ಕಸದ ರಾಶಿಗೆ ಬೆಂಕಿ ಬಿದ್ದಾಗ ಅವನು ಹೋಗಿ "ನನ್ನದು" ಅಂದು ಬರುತ್ತಿದ್ದ. ಪಾಪ, ಅವನಿಗೆ ಹೆಣ್ಣು ಕೊಟ್ಟವರಿಲ್ಲ.

ನಾನು ದಕ್ಷಿಣಾಮೂರ್ತಿ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದವನು. ಬಸ್ಸು ಎರಡು ನಿಮಿಷ ತಡವಾದರೆ ನನಗೆ ಊಟ ಸೇರುತ್ತಿರಲಿಲ್ಲ. ನಿವೃತ್ತನಾದ ಮೇಲೆ ಆ ಸಿಡುಕನ್ನೆಲ್ಲ ನಾನಿರುವ ಕಟ್ಟಡದ ಮೇಲೆ ತೀರಿಸಿಕೊಂಡೆ. ಹದಿನಾಲ್ಕು ಮಹಡಿ, ಐವತ್ತಾರು ಮನೆ. ಫಲಕದ ಮೇಲೆ ಏನೋ ದೊಡ್ಡ ಹೆಸರಿದೆ, ಊರವರು ಎತ್ತರದ ಮನೆ ಅನ್ನುತ್ತಾರೆ. ಅದರ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಚಪ್ಪಲಿ ಎಲ್ಲಿಡಬೇಕು, ಕಾರಂಜಿ ಎಷ್ಟು ಹೊತ್ತಿಗೆ ಬಿಡಬೇಕು ಎಂಬುದಕ್ಕೆಲ್ಲ ನನ್ನದೊಂದು ಸುತ್ತೋಲೆ ಇರುತ್ತಿತ್ತು. ಕಟ್ಟಡದ ಅಷ್ಟೂ ಬೀಗದ ಕೈಗಳು ನನ್ನ ಸೊಂಟದಲ್ಲಿದ್ದವು. ನಾನು ನಡೆದರೆ ಎತ್ತು ನಡೆದ ಹಾಗೆ ಸದ್ದಾಗುತ್ತದೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರಂತೆ. ಆಡಿಕೊಳ್ಳಲಿ ಅಂತ ನಾನೂ ಬಿಟ್ಟಿದ್ದೆ.

ಕೆಳಗೆ ಮೆಟ್ಟಿಲ ಪಕ್ಕದಲ್ಲಿ ಮಾಚಕ್ಕನ ಇಸ್ತ್ರಿ ಮೇಜು. ಕಟ್ಟಡ ಎದ್ದ ದಿನದಿಂದ ಅವಳು ಅಲ್ಲಿದ್ದಾಳೆ, ಅಂದರೆ ಇಪ್ಪತ್ತೆರಡು ವರ್ಷ. ಕೆಂಡ ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಕೆಂಡ ಆರಿಸಲು ಒಂದು ನೀರಿನ ಡಬ್ಬ. ಐವತ್ತಾರು ಮನೆಯ ಬಟ್ಟೆ ಅವಳ ಕೈಯಲ್ಲಿ ಹಾದುಹೋಗುತ್ತಿತ್ತು. ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ, ಒಂದೊಂದು ಬಗೆಯ ಹೊಲಿಗೆ, ಅದು ಕಾಲರಿನ ಒಳಗೆ ಅಥವಾ ಸೀರೆಯ ಅಂಚಿನಲ್ಲಿ ಕಂಡೂ ಕಾಣದ ಹಾಗೆ ಇರುತ್ತಿತ್ತು. ಅಷ್ಟು ವರ್ಷದಲ್ಲಿ ಒಂದು ಕರವಸ್ತ್ರವೂ ತಪ್ಪಿ ಬೇರೆ ಮನೆಗೆ ಹೋದದ್ದಿಲ್ಲ. ಒಮ್ಮೆ ಅವಳ ಮೇಜಿನ ಮೇಲೆ ಒಳ್ಳೆಯ ಅರ್ಧತೋಳಿನ ಅಂಗಿಯೊಂದು ಕಂಡಿತು. ಅದು ನನ್ನದೇ ಎಂದು ಹಟ ಹಿಡಿದು ಎತ್ತಿಕೊಂಡೆ. "ನಿಮ್ಮದು ನೀಲಿ ದಾರ, ಎರಡು ಹೊಲಿಗೆ ಸಾರ್. ಇದು ಹಸಿರು. ಇತ್ಲಾಗೆ ಕೊಡಿ" ಅಂದು ನನ್ನ ಕೈಯಿಂದ ಅಂಗಿ ತೆಗೆದುಕೊಂಡಳು. ಹತ್ತು ಜನ ನೋಡುತ್ತಿದ್ದರು. ನಾಲ್ಕು ದಿನ ಅವಳ ಹತ್ತಿರ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ.

ಬೆಂಕಿ ಬಿದ್ದದ್ದು ಒಂದು ಬುಧವಾರ, ಮಧ್ಯಾಹ್ನ ನಾಲ್ಕು ಗಂಟೆಗೆ. ಹನ್ನೆರಡನೇ ಮಹಡಿಯಲ್ಲಿ ಇಂದುಮತಿ ಟೀಚರ್ ಇದ್ದರು. ಒಂಟಿ ಜೀವ, ಎಪ್ಪತ್ತು ದಾಟಿದವರು. ಅವರ ಹಳೆಯ ವಿದ್ಯಾರ್ಥಿಗಳು ಆವತ್ತು ಐದು ಗಂಟೆಗೆ ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಸೀರೆಗೆ ಇಸ್ತ್ರಿ ಬೇಕಾಗಿತ್ತು, ಲಿಫ್ಟು ಕೆಟ್ಟಿತ್ತು. ಮಾಚಕ್ಕ ಸೀರೆ ಮುಗಿಸಿದವಳೇ, ಐದು ನಿಮಿಷದಲ್ಲಿ ಬಂದುಬಿಡುತ್ತೇನೆಂದು ಪೆಟ್ಟಿಗೆಯ ಕೆಂಡವನ್ನು ನೀರಿಗೆ ಹಾಕದೆ ಹಾಗೇ ಬಿಟ್ಟು ಮೇಲೆ ಹತ್ತಿದಳು. ಕೆಂಡವೊಂದು ಸಿಡಿದು ಬಟ್ಟೆ ಗಂಟಿನ ಮೇಲೆ ಬಿತ್ತು. ಗಂಟಿನ ಹಿಂದೆ ನಾಲ್ಕನೇ ಮಹಡಿಯ ಲೀಲಾವತಿಯವರ ಹಳೆಯ ಸೋಫಾ, ಹಾಸಿಗೆಗಳು. ಅದರ ಮೇಲೆ ಮೀಟರ್ ಬೋರ್ಡು, ಅದಕ್ಕೆ ಸುತ್ತಿದ್ದ ಪಂಪಿನ ವೈರು. ಪ್ರತಿ ಮಹಡಿಯಲ್ಲೂ ಬೆಂಕಿ ಆರಿಸಲು ಕೆಂಪು ಬಣ್ಣದ ಪೈಪು ಇತ್ತು, ಅದರಲ್ಲಿ ನೀರಿರಲಿಲ್ಲ. ಕೆಳಗಿನ ಮಹಡಿಯವರು ಹೊರಗೆ ಓಡಿದರು. ಮೇಲಿನವರಿಗೆ ಇಳಿಯಲಾಗಲಿಲ್ಲ, ಹೊಗೆ ಮೆಟ್ಟಿಲು ಹಿಡಿದು ಮೇಲಕ್ಕೆ ಬರುತ್ತಿತ್ತು. ಉಳಿದದ್ದು ಟೆರೇಸಿನ ದಾರಿ ಒಂದೇ. ಟೆರೇಸಿನ ಬಾಗಿಲಿಗೆ ಬೀಗ ಹಾಕಿತ್ತು. ಸಂಘದ ಸಭೆಯಲ್ಲಿ ನಾನೇ ಹಟ ಹಿಡಿದು ಹಾಕಿಸಿದ ಬೀಗ ಅದು, ಕೀಲಿ ನನ್ನ ಸೊಂಟದಲ್ಲಿತ್ತು. ನಾನು ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತ ಕೂತಿದ್ದೆ.

ಸೀರೆ ಕೊಟ್ಟು ಇಳಿದು ಬರುತ್ತಿದ್ದ ಮಾಚಕ್ಕ ಹೇಗೋ ಆಚೆ ಬಿದ್ದು, ರಸ್ತೆ ದಾಟಿ ನನ್ನ ಹತ್ತಿರ ಓಡಿ ಬಂದಳು. "ಸಾರ್, ಕೀಲಿ ಕೊಡಿ! ಮೇಲಿನ ಬಾಗಿಲು!" ಅಂದಳು. ನನ್ನ ಬೆರಳು ಆಡಲಿಲ್ಲ. ಅವಳು ಗೊಂಚಲನ್ನೇ ಕಿತ್ತುಕೊಂಡು "ಯಾವುದು?" ಅಂದಳು. "ಉದ್ದದ್ದು" ಅಂದೆ. ಅಷ್ಟೇ ನಾನು ಮಾಡಿದ ಸಹಾಯ. ಅವಳು ಬೇಕರಿಯ ನಲ್ಲಿಯಲ್ಲಿ ಒಂದು ಬೆಡ್‌ಶೀಟು ನೆನೆಸಿ ತಲೆಗೆ ಮೈಗೆ ಸುತ್ತಿಕೊಂಡು ಅದೇ ಮೆಟ್ಟಿಲು ಹತ್ತಿದಳು. ಬೆಂಕಿ ಒಂದು ಪಕ್ಕಕ್ಕೆ, ಅವಳು ಗೋಡೆಯ ಪಕ್ಕಕ್ಕೆ. ಹದಿನಾಲ್ಕು ಮಹಡಿ, ಐವತ್ತೆರಡು ವರ್ಷದ ಹೆಂಗಸು. ಬೀಗ ತೆಗೆದು ಹೊಗೆಗೆ ದಾರಿ ಮಾಡಿ, ಮತ್ತೆ ಇಳಿದು ಮುಚ್ಚಿದ್ದ ಒಂದೊಂದು ಬಾಗಿಲನ್ನೂ ಬಡಿದು, ಮೂವತ್ತೆಂಟು ಜನರನ್ನು ಟೆರೇಸಿಗೆ ಹತ್ತಿಸಿದಳು. ಅಗ್ನಿಶಾಮಕದವರ ಏಣಿ ಬಂದದ್ದು ಆಮೇಲೆ. ಇಂದುಮತಿ ಟೀಚರ್ ಮಾತ್ರ ಎಲ್ಲರಿಗಿಂತ ಮೊದಲೇ ಆ ಬಾಗಿಲು ಮುಟ್ಟಿದ್ದರು. ಮಾಚಕ್ಕ ಬೀಗ ತೆಗೆಯುವಾಗ ಅವರು ಬಾಗಿಲಿಗೆ ಒರಗಿ ಕೂತಿದ್ದರು, ಉಸಿರಿರಲಿಲ್ಲ. ಇಸ್ತ್ರಿಯ ಗೆರೆ ಇನ್ನೂ ಮಾಸದ ಸೀರೆ ಉಟ್ಟಿದ್ದರು.

ಬೆಂಕಿ ಆರಿತು, ಹೊಗೆ ಮಾತ್ರ ಹೋಗದೆ ನಿಂತಿತು. ಎತ್ತರದ ಮನೆಯ ನೆತ್ತಿಯಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಕರಿ ಕಂಬಳಿ ಹೊದಿಸಿದ ಹಾಗೆ. ಕೋಳಿಗಳು ಮಧ್ಯಾಹ್ನವೇ ಗೂಡು ಸೇರುತ್ತಿದ್ದವು. ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ, ಒಣಗಿದರೂ ಬೆಳ್ಳಗಿರುತ್ತಿರಲಿಲ್ಲ. ಶಾಲೆಗಳಲ್ಲಿ ಹಗಲೇ ದೀಪ ಹಾಕಿ ಪಾಠ. ಮೊದಲ ಎರಡು ದಿನ ಟೀಚರಿಗಾಗಿ ಅತ್ತ ಊರು ಮೂರನೆಯ ದಿನದಿಂದ ಬಿಸಿಲಿಗಾಗಿ ಗೊಣಗತೊಡಗಿತು. ಜೀವ ಹೋದ ಬೆಂಕಿ ಒಪ್ಪುಗಾರನ ಕೆಲಸಕ್ಕೆ ಸೇರುತ್ತಿರಲಿಲ್ಲ. ಹನ್ನೆರಡನೆಯ ದಿನ ಪುರಸಭೆಯ ಅಧ್ಯಕ್ಷರು ಸಭೆ ಕರೆದು, "ಯಾರಾದ್ರೂ ಒಬ್ರು ದೊಡ್ಡ ಮನಸ್ಸು ಮಾಡಿ ಒಪ್ಕೋಬೇಕು" ಅಂದರು. ಅಲ್ಲಿದ್ದ ಒಬ್ಬರಿಗೂ ತಮ್ಮ ಮನಸ್ಸು ಅಷ್ಟು ದೊಡ್ಡದು ಅನ್ನಿಸಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಹೆಸರು, ಮಾಚಕ್ಕ. ಕೆಂಡ ಅವಳದು ತಾನೇ? ಅವಳ ಹತ್ತಿರ ಮಾತಾಡಲು ಯಾರಿಗೂ ಮುಖವಿರಲಿಲ್ಲ. ನಾನು ಮಾತಾಡುತ್ತೇನೆ ಅಂದೆ. ಯಾಕೆ ಅಂದೆನೆಂದು ಈಗ ಮುಚ್ಚಿಡುವುದಿಲ್ಲ. ಅವಳು ಪೂರ್ತಿ ಒಪ್ಪಿಕೊಂಡರೆ ನನ್ನ ಬೀಗವೂ ಅದರೊಳಗೇ ಸೇರಿ ಹೋಗುತ್ತಿತ್ತು.

ಕಟ್ಟಡದ ಹಿಂದೆ ಅವಳದೊಂದು ಕೋಣೆ. ಸುಡದೆ ಉಳಿದ ನಾಲ್ಕಾರು ಬಟ್ಟೆಗಳನ್ನು ದಾರ ನೋಡಿ ನೋಡಿ ಬೇರೆ ಮಾಡುತ್ತ ಕೂತಿದ್ದಳು. ಅಂಗೈ ಸುಟ್ಟು ಬಟ್ಟೆ ಕಟ್ಟಿತ್ತು. "ಮಾಚಕ್ಕ, ಕೆಂಡ ನಿನ್ನದೇ ಅಲ್ವಾ?" ಅಂದೆ. "ನಂದೇ ಸಾರ್. ಅದರಲ್ಲೇನು ಎರಡು ಮಾತು" ಅಂದಳು. "ಹಾಗಿದ್ರೆ ಒಪ್ಕೊಂಡ್ಬಿಡು. ಊರಿಗೆ ಬಿಸಿಲು ಬರುತ್ತೆ. ನಿನಗೆ ಬೇರೆ ಕಡೆ ಎಲ್ಲಾದ್ರೂ ಒಂದು ನೆಲೆ ಮಾಡಿಕೊಡೋಣ." ಅವಳು ಕೈಯಲ್ಲಿದ್ದ ಲಂಗವನ್ನು ಮಡಿಸಿಟ್ಟಳು. "ಒಪ್ಕೋತೀನಿ ಸಾರ್. ನಂದು ಎಷ್ಟೋ ಅಷ್ಟು" ಅಂದಳು. ನನಗೆ ನಗು ಬಂತು. "ಹೊಗೇಲಿ ಅಷ್ಟು ಇಷ್ಟು ಅಂತ ಇರಲ್ಲ ಮಾಚಕ್ಕ. ಒಪ್ಪಿದ್ರೆ ಪೂರ್ತಿ." ಅವಳು ಕೇಳಿದಳು: "ಯಾರಾದ್ರೂ ಯಾವತ್ತಾದ್ರೂ ಅಷ್ಟೇ ಅಂತ ಹೇಳಿ ನೋಡಿದ್ದಾರಾ ಸಾರ್?"

ಯಾರೂ ನೋಡಿರಲಿಲ್ಲ. ನಮ್ಮ ತಾತ ಮುತ್ತಾತನ ಕಾಲದಿಂದ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಸುಮ್ಮನೆ ಹಟ ಮಾಡಬೇಡ ಅಂದೆ, ಊರಿನ ಮಕ್ಕಳು ಕೆಮ್ಮುತ್ತಿವೆ ಅಂದೆ. ಅವಳು ಕೇಳಿಸಿಕೊಂಡಳು. ಆಮೇಲೆ, "ಬೇರೆಯವರ ಬಟ್ಟೆ ನನ್ನ ಗಂಟಿಗೆ ಹಾಕ್ಕೊಂಡು ಹೋದರೆ ಕಳ್ಳತನ ಅಲ್ವಾ ಸಾರ್? ನನ್ನ ಬಟ್ಟೆ ಬೇರೆಯವರ ಗಂಟಿಗೆ ತುರುಕಿದ್ರೂ ಕಳ್ಳತನವೇ. ಎರಡೂ ನನಗೆ ಅಭ್ಯಾಸ ಇಲ್ಲ" ಅಂದಳು. ಈಗ ಬೀಗದ ಮಾತು ತೆಗೆಯುತ್ತಾಳೆ, ಈಗ ತೆಗೆಯುತ್ತಾಳೆ ಎಂದು ನಾನು ಕಾದೆ. ನನ್ನ ಸೊಂಟದಿಂದ ಆ ಕೀಲಿ ಕಿತ್ತುಕೊಂಡವಳು ಅವಳೇ. ಕೀಲಿ ಆಗ ಎಲ್ಲಿತ್ತೆಂದು ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ತೆಗೆಯಲಿಲ್ಲ. ಬಾಗಿಲಿನವರೆಗೆ ಬಂದು, "ಹುಷಾರಾಗಿ ಹೋಗಿ, ಹೊಗೇಲಿ ಮೆಟ್ಟಿಲು ಕಾಣಲ್ಲ" ಅಂದಳು. ಆ ಹೊತ್ತಿಗೆ ನನಗೆ ಆದದ್ದು ಸಮಾಧಾನ. ನಾಚಿಕೆ ಆಗಲು ಇನ್ನೂ ಕೆಲವು ದಿನ ಬೇಕಾಯಿತು.

ಮಾರನೆಯ ಬೆಳಿಗ್ಗೆ ಕಟ್ಟಡದ ಮುಂದೆ ಊರೇ ಸೇರಿತ್ತು. ಅಧ್ಯಕ್ಷರು ಅವಳನ್ನು ಬೀಳ್ಕೊಡಲು ಹಾರ ಬೇರೆ ತಂದಿದ್ದರು. ಮಾಚಕ್ಕ ಮಿಂದು, ಒಗೆದ ಸೀರೆ ಉಟ್ಟು ಬಂದು ನಿಂತಳು. ಗಂಟಲು ಸರಿಮಾಡಿಕೊಂಡು ಹೇಳಿದಳು: "ಪೆಟ್ಟಿಗೆ ಕೆಂಡ ನೀರಿಗೆ ಹಾಕದೆ ಮೇಲೆ ಹೋದೆ. ಐದು ನಿಮಿಷಕ್ಕೆ ಏನಾಗುತ್ತೆ ಅಂತ ಬಿಟ್ಟೆ. ಅದು ನನ್ನದು. ಅದರಾಚೆಗಿನದು ನನ್ನದಲ್ಲ." ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹೊಗೆಯ ಅಂಚಿನಿಂದ ಒಂದು ಸೀರೆಯಷ್ಟು ಉದ್ದದ ತುಂಡು ಹರಿದು ಬಂದು ಅವಳ ತಲೆ, ಭುಜ, ಕೈಗಳ ಮೇಲೆ ಇಳಿಯಿತು. ಅವಳು ಬಗ್ಗಿ ಕೆಮ್ಮಿದಳು, ಕಣ್ಣೊರೆಸಿಕೊಂಡಳು. ತುಂಡು ಕರಗಿತು. ಮಿಕ್ಕದ್ದೆಲ್ಲ ಇದ್ದ ಹಾಗೇ ಮೇಲೆ ನಿಂತಿತ್ತು, ಆ ತುಂಡು ಹೋದ ಜಾಗದಲ್ಲಿ ಒಂದು ಪಟ್ಟಿ ನೀಲಿ ಕಂಡಿತು. ನಾವೆಲ್ಲ ಬಾಯಿ ಬಿಟ್ಟುಕೊಂಡು ಆ ನೀಲಿಯನ್ನೇ ನೋಡಿದೆವು.

"ಇದೇನಮ್ಮ ಇದು, ಉಳಿದಿದ್ದು?" ಅಂದರು ಅಧ್ಯಕ್ಷರು, ಹಾರ ಕೈಯಲ್ಲೇ ಇತ್ತು. "ಉಳಿದಿದ್ದು ಯಾರ್‍ಯಾರದೋ, ಅವರವರು ಬಂದು ತಗೊಳ್ಳಲಿ. ನಾನು ಇಲ್ಲೇ ಇರ್ತೀನಿ" ಅಂದು ಮಾಚಕ್ಕ ಒಂದು ಹಳೆಯ ಚಾದರ ಹಾಸಿಕೊಂಡು ಕೂತಳು. ಜನ ಸಿಟ್ಟಾದರು. ಊರು ಕತ್ತಲಲ್ಲಿ ಕೊಳೆಯಲಿ ಅಂತಾಳಲ್ಲ ಎಂದು ಕೂಗಿದರು. ಬೇಕರಿಯ ಸದಾನಂದ ತಡೆಯಲಾರದೆ, "ಮೂವತ್ತೆಂಟು ಜನಾನ ಉಳಿಸಿದ್ದಾಳೆ ಕಣ್ರಯ್ಯ, ಅವಳಿಗೆ ಒಂದು ಎಳೆನೂ ಸೇರಬಾರದಿತ್ತು" ಅಂದ. ಮಾಚಕ್ಕ ಅವನನ್ನೂ ಬಿಡಲಿಲ್ಲ. "ಅದು ಬೇರೆ ಅಣ್ಣ, ಇದು ಬೇರೆ. ಅದನ್ನ ತೋರಿಸಿ ಇದನ್ನ ವಜಾ ಮಾಡಬೇಡಿ" ಅಂದಳು. ಇಸ್ತ್ರಿಯವಳ ಮೈಯಲ್ಲಿ ಸುಟ್ಟ ವಾಸನೆ ಸೇರಿದರೆ ಬಟ್ಟೆ ಕೊಡುವವರು ಯಾರು? ಇದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತನ್ನ ಪಾಲಿಗೆ ಒಂದು ಎಳೆ ಕಡಿಮೆ ಮಾಡಿಕೊಳ್ಳಲಿಲ್ಲ, ಒಂದು ಎಳೆ ಹೆಚ್ಚೂ ಹೊರಲಿಲ್ಲ. ಅಂಥ ಜೀವವನ್ನು ನಾನು ಇನ್ನೊಂದು ಕಂಡಿಲ್ಲ.

ಎರಡನೆಯ ದಿನ ಸಂಜೆ ನಾಲ್ಕನೇ ಮಹಡಿಯ ಲೀಲಾವತಿ ಬಂದರು. ಸೆರಗು ಬಾಯಿಗೆ ಒತ್ತಿಕೊಂಡು, "ಸೋಫಾ ನಮ್ಮತ್ತೇದು. ಮನೇಲಿ ಇಟ್ಕೊಳಕ್ಕೆ ಇಷ್ಟ ಇರಲಿಲ್ಲ, ಎಸೆದ್ರೆ ಜನ ಏನಂತಾರೋ ಅಂತ ಮೆಟ್ಟಿಲ ಕೆಳಗೆ ತುರುಕಿದೆ. ಅದು ನನ್ನದು" ಅಂದರು. ಅವರ ಪಾಲು ಇಳಿಯಿತು. ಅವರು ಅಳುತ್ತ ಚಾದರದ ಮೇಲೆ ಮಾಚಕ್ಕನ ಪಕ್ಕ ಕೂತುಬಿಟ್ಟರು. ಹೋಗುವಾಗ, "ನಾಳೆ ಬಟ್ಟೆ ಕಳಿಸ್ತೀನಿ ಮಾಚಕ್ಕ, ಹೇಗಿದ್ರೂ ಇಬ್ರದ್ದೂ ಒಂದೇ ವಾಸನೆ" ಅಂದರು. ಬೆಂಕಿಯಾದ ಮೇಲೆ ಮಾಚಕ್ಕ ನಕ್ಕದ್ದನ್ನು ಆವತ್ತೇ ನಾನು ನೋಡಿದ್ದು.

ಆಮೇಲೆ ಒಬ್ಬರ ಹಿಂದೆ ಒಬ್ಬರು. ವೈರ್‌ಮನ್ ಚೆಲುವರಾಜು ಬಂದು, ಪಂಪಿನ ವೈರನ್ನು ಮೀಟರ್ ಬೋರ್ಡಿಗೆ ಸುತ್ತಿದ್ದು ತಾನೇ, ವಾರದಲ್ಲಿ ಸರಿ ಮಾಡುತ್ತೇನೆಂದು ಹೇಳಿ ಮೂರು ವರ್ಷವಾಯಿತು ಅಂದ. ಮರಳಿನ ಬಕೆಟ್ಟಿನ ಮರಳು ಚೆಲ್ಲಿ ಪುದೀನ ನೆಟ್ಟಿದ್ದವರು ಬಂದರು. ಮೆಟ್ಟಿಲಿಗೆ ಅಡ್ಡ ಸೈಕಲ್ಲು ನಿಲ್ಲಿಸಿದ್ದವರು ಬಂದರು. ಐದನೇ ಮಹಡಿಯ ಗಂಡ ಹೆಂಡತಿ ಬಂದು, "ಪಕ್ಕದ ಮನೆ ಬಾಗಿಲು ಬಡೀದೆ ಓಡಿಬಿಟ್ವಿ, ಅವರ ಮನೇಲಿ ಬಾಣಂತಿ ಇದಾಳೆ ಅಂತ ಗೊತ್ತಿತ್ತು" ಅಂದರು. ಟೀಚರಿಗೆ ಸನ್ಮಾನ ಇಟ್ಟುಕೊಂಡಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಎದೆ ಬಡಿದುಕೊಂಡು "ಎಲ್ಲಾ ನನ್ನದೇ, ಎಲ್ಲಾ ನನ್ನದೇ" ಎಂದು ಅತ್ತ. ಹೊಗೆ ಅಲುಗಲಿಲ್ಲ. ಒಮ್ಮೆ ಪಾಲಾದ ಮೇಲೆ ಅದು ಯಾರು ಕರೆದರೂ ಇಳಿಯುವುದನ್ನು ಬಿಟ್ಟಿತ್ತು. "ನಿಮ್ಮದಲ್ಲದ್ದು ಕೇಳಬೇಡಿ ಅಣ್ಣ. ಅಳೋದಿದ್ರೆ ಇಲ್ಲೇ ಕೂತು ಅಳಿ" ಎಂದು ಮಾಚಕ್ಕ ಅವನಿಗೆ ಚಾದರದ ಮೇಲೆ ಜಾಗ ಕೊಟ್ಟಳು.

ನಾನೇನು ಮಾಡುತ್ತಿದ್ದೆ? ಸರದಿ ನೋಡಿಕೊಳ್ಳುತ್ತಿದ್ದೆ! ಒಂದು ಪುಸ್ತಕ ಹಿಡಿದು, ಬಂದವರ ಹೆಸರು, ಮಹಡಿ, ಗಂಟೆ ಬರೆದುಕೊಂಡು, ಒಬ್ಬರ ಮೇಲೊಬ್ಬರು ಬೀಳದ ಹಾಗೆ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಟೈಂಕೀಪರನ ಬುದ್ಧಿ ಎಲ್ಲಿ ಹೋಗುತ್ತದೆ. "ಚುಟುಕಾಗಿ ಹೇಳಿ, ಹಿಂದಿನವರಿಗೆ ತಡ ಆಗುತ್ತೆ" ಎಂದು ಬೇರೆಯವರಿಗೆ ಗದರುತ್ತಿದ್ದೆ. ಆ ಪುಸ್ತಕದಲ್ಲಿ ಅರವತ್ತೊಂದು ಹೆಸರಾಯಿತು, ನನ್ನದೊಂದನ್ನು ಬಿಟ್ಟು.

ನೀರಿಲ್ಲದ ಪೈಪಿನದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಪುರಸಭೆಯ ಇಂಜಿನಿಯರ್ ಫಣಿರಾಜ್ ತಾವು ಬರದೆ ಒಪ್ಪುಗಾರನನ್ನು ಕಳಿಸಿದರು. ಅವನು ಅಭ್ಯಾಸ ಬಲದಿಂದ ಸಲೀಸಾಗಿ "ನನ್ನದು" ಅಂದ. ಹೊಗೆ ಕದಲಲಿಲ್ಲ. ಇನ್ನೊಮ್ಮೆ ಅಂದ, ಮತ್ತೊಮ್ಮೆ ಅಂದ. "ಹದಿನೆಂಟು ವರ್ಷದ ಸರ್ವೀಸಲ್ಲಿ ಹಿಂಗಾಗಿರಲಿಲ್ಲ" ಎಂದು ಬೆವರೊರೆಸಿಕೊಂಡ. ಅವನ ಮುಖದಲ್ಲಿ ಮಾತ್ರ ಎಂಥದೋ ಬೆಳಕು. ಎರಡು ದಿನ ಬಿಟ್ಟು ಇಂಜಿನಿಯರ್ ತಾವೇ ಬಂದರು, ರೇನ್‌ಕೋಟು ಹಾಕಿಕೊಂಡು. "ಪೈಪಲ್ಲಿ ನೀರಿಲ್ಲ ಅಂತ ಗೊತ್ತಿತ್ತು. ಇದೆ ಅಂತ ಸಹಿ ಹಾಕಿದೆ. ನನ್ನದು" ಅಂದರು. ಅಲ್ಲಿಯವರೆಗೆ ಇಳಿದದ್ದರಲ್ಲಿ ಅದೇ ದೊಡ್ಡದು. ರೇನ್‌ಕೋಟು ಏನೂ ತಡೆಯಲಿಲ್ಲ. ಅವರು ಊರು ಬಿಡುತ್ತಾರೆ ಎಂದುಕೊಂಡೆವು, ಬಿಡಲಿಲ್ಲ. ಯಾಕೆ ಬಿಡಬೇಕು, ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ಅದೇ ವಾಸನೆಯವರು. ಒಪ್ಪುಗಾರನ ಹುದ್ದೆಯನ್ನು ಮುಂದೆ ತೆಗೆದು ಅವನಿಗೆ ಉದ್ಯಾನದಲ್ಲಿ ಕೆಲಸ ಕೊಟ್ಟರು. ಮಾಚಕ್ಕನಿಗೆ ಟೀಚರ ಮನೆಯೊಂದನ್ನು ಬಿಟ್ಟು ಉಳಿದ ಐವತ್ತೈದು ಮನೆಯಿಂದಲೂ ಬಟ್ಟೆ ಬರತೊಡಗಿತು.

ಮಾಚಕ್ಕ ಕೂತ ಒಂಬತ್ತನೆಯ ದಿನ ಆಕಾಶವೆಲ್ಲ ಬಿಚ್ಚಿಕೊಂಡಿತ್ತು. ಉಳಿದದ್ದು ಒಂದೇ ತುಂಡು. ಅದು ಟೆರೇಸಿನ ಬಾಗಿಲಿನ ನೇರಕ್ಕೆ ನಿಂತಿತ್ತು, ದಟ್ಟವಾಗಿ, ಕಟ್ಟಡದ ಮುಂಭಾಗಕ್ಕೆಲ್ಲ ಕಪ್ಪು ಹಿಡಿಸುವಷ್ಟು. ಎಲ್ಲರೂ ಅದನ್ನು ನೋಡುತ್ತಿದ್ದರು, ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅದು ಇನ್ನೂ ಕಷ್ಟ. ನಾನು ಬೇಕರಿಯಿಂದ ಒಂದು ಲೋಟ ಕಾಫಿ ತಂದು ಮಾಚಕ್ಕನ ಮುಂದಿಟ್ಟೆ. "ನೀನು ಯಾಕೆ ಹೇಳಲಿಲ್ಲ?" ಅಂದೆ. "ಏನು ಸಾರ್?" "ಬೀಗದ ವಿಷಯ." ಅವಳು ಕಾಫಿ ಆರಿಸಿಕೊಳ್ಳುತ್ತ, "ನಿಮ್ಮ ಗಂಟು ನಾನು ಬಿಚ್ಚಕ್ಕಾಗುತ್ತಾ ಸಾರ್" ಅಂದಳು. ಅದರಲ್ಲಿ ಚುಚ್ಚು ಇರಲಿಲ್ಲ. ಇ‌ದ್ದಿದ್ದರೆ ನಾನು ಸಿಟ್ಟಾಗಿ ಎದ್ದು ಹೋಗಬಹುದಿತ್ತು.

ಆವತ್ತೇ ಮಧ್ಯಾಹ್ನದ ಬಸ್ಸಿಗೆ ಟೀಚರ ತಂಗಿ ಮಂದಾಕಿನಿ ಬಂದಿಳಿದರು. ದೂರದ ಊರಿನವರು, ಕಾಲು ಮುರಿದು ಮಲಗಿದ್ದರಿಂದ ಮಣ್ಣಿಗೂ ಬರಲಾಗಿರಲಿಲ್ಲ. ಊರುಗೋಲು ಊರಿಕೊಂಡು ನೇರ ಚಾದರದ ಮುಂದೆ ಬಂದು ನಿಂತರು. ಇಸ್ತ್ರಿಯವಳ ಕೆಂಡದಿಂದ ಆಯಿತು ಎಂದಷ್ಟೇ ಅವರಿಗೆ ಯಾರೋ ಕಾಗದ ಬರೆದಿದ್ದರು. "ನೀವೇನಾ ಬೆಂಕಿಯವರು?" ಅಂದರು. ಮಾಚಕ್ಕ ಎದ್ದು ನಿಂತಳು. "ಕೆಂಡ ನಂದಮ್ಮ. ಆರಿಸದೆ ಬಿಟ್ಟಿದ್ದು ನಾನೇ. ನಿಮ್ಮ ಅಕ್ಕನಿಗೆ ಸೀರೆ ಕೊಟ್ಟು ಬರೋ ಹೊತ್ತಿಗೆ ಹಿಡ್ಕೊಂಡಿತ್ತು. ಮೇಲಿನ ಬಾಗಿಲು ತೆಗೆದೆ, ತಡ ಆಗಿತ್ತು" ಎಂದು ಅಷ್ಟನ್ನೂ ಹೇಳಿದಳು. "ಬಾಗಿಲು ಯಾಕೆ ಹಾಕಿತ್ತು?" ಅಂದರು ಮಂದಾಕಿನಿ. ಮಾಚಕ್ಕ ನೆಲ ನೋಡಿದಳು. "ಹಾಕಿದ್ದು ಯಾರು? ನೀವೇನಾ?" "ಅದು ನನ್ನದಲ್ಲಮ್ಮ." "ಮತ್ತೆ ಯಾರದು? ಗೊತ್ತಿದ್ದೂ ಹೇಳಲ್ವಾ? ನನ್ನ ಅಕ್ಕನ್ನ ಕೊಂದು, ಈಗ ಬಾಯಿ ಮುಚ್ಕೊಂಡು ನಿಂತಿದೀರಾ?" ಅವರ ಊರುಗೋಲು ಮೇಲೆದ್ದಿತ್ತು. ಮಾಚಕ್ಕ ತಲೆ ತಪ್ಪಿಸಲಿಲ್ಲ, ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ನನ್ನ ಕೈಯಿಂದ ಪುಸ್ತಕ ಬಿತ್ತು. ನಡುವೆ ಹೋಗಿ ನಿಂತೆ. "ಬೀಗ ನನ್ನದು" ಅಂದೆ.

ಹೊಗೆ ಇಳಿಯಿತು. ಬೇರೆಯವರ ಮೇಲೆ ಇಳಿಯುವುದನ್ನು ಅರವತ್ತೊಂದು ಸಲ ನೋಡಿ ಬರೆದುಕೊಂಡವನು ನಾನು, ಅದಕ್ಕೆ ಇಷ್ಟು ಭಾರವಿದೆ ಎಂದು ತಿಳಿದಿರಲಿಲ್ಲ. ಮಂಡಿ ಊರಿ ಕೂತೆ. ಬಾಯಿಯಲ್ಲಿ, ಮೂಗಿನಲ್ಲಿ, ಹಲ್ಲಿನ ಸಂದಿಯಲ್ಲೆಲ್ಲ ಸುಟ್ಟ ಬಣ್ಣದ, ಸುಟ್ಟ ಮರದ ರುಚಿ. ಕಣ್ಣು ಬಿಟ್ಟಾಗ ಎತ್ತರದ ಮನೆಯ ಹದಿನಾಲ್ಕೂ ಮಹಡಿಯ ಮೇಲೆ ಬಿಸಿಲು ಬಿದ್ದಿತ್ತು. ಜನ ಹೋ ಎಂದು ಕೂಗಿದರು. ಬಾಲ್ಕನಿಗಳಲ್ಲಿ ಹೆಂಗಸರು ಒದ್ದೆ ಬಟ್ಟೆ ತಂದು ಹರವತೊಡಗಿದರು. ಎಲ್ಲರ ಮುಖವೂ ಮೇಲಕ್ಕೆ. ಮಂದಾಕಿನಿ ಒಬ್ಬರೇ ಮೇಲೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಯಾಕೆ ಹಾಕಿದ್ರಿ?" ಅಂದರು.

ಸಂಘದ ನಿಯಮ, ಭದ್ರತೆ, ಕಳ್ಳಕಾಕರು ಎಂದೆಲ್ಲ ನಾಲಿಗೆಯ ತುದಿಗೆ ಬಂತು. ಯಾವುದೂ ಹೊರಗೆ ಬರಲಿಲ್ಲ. "ಟೆರೇಸಲ್ಲಿ ಹೆಂಗಸರು ಸಂಡಿಗೆ ಒಣಗಿಸ್ತಿದ್ರು. ನೆಲ ಕಲೆ ಆಗುತ್ತೆ ಅಂತ ಬೀಗ ಹಾಕಿಸಿದೆ" ಅಂದೆ.

ಅವರ ಕೈಯಲ್ಲಿದ್ದ ಊರುಗೋಲು ನೆಲಕ್ಕೆ ಇಳಿಯಿತು. ಆಮೇಲೆ ಮೆತ್ತಗೆ, "ಇನ್ನೊಂದ್ಸಲ ಹೇಳಿ" ಅಂದರು.

ಆಕಾಶದಲ್ಲಿ ಹೊಗೆಯ ಒಂದು ಎಳೆಯೂ ಇರಲಿಲ್ಲ. ನಾನು ಹೇಳಿದ್ದರಿಂದ ಕರಗಬೇಕಾದದ್ದು ಇನ್ನು ಅಲ್ಲಿ ಏನೂ ಇರಲಿಲ್ಲ. ಹೇಳಿದೆ. ಸಂಡಿಗೆ ಅಂದೆ, ನೆಲದ ಕಲೆ ಅಂದೆ, ಬೀಗ ನನ್ನದು ಅಂದೆ. ಅವರು ತುಟಿ ಕಚ್ಚಿಕೊಂಡು ಕೇಳಿದರು, ಮತ್ತೆ "ಇನ್ನೊಂದ್ಸಲ" ಅಂದರು. ಮಾಚಕ್ಕ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದಳು. ನಾನು ನಿಂತುಕೊಂಡು ಮತ್ತೆ ಹೇಳಿದೆ.